ಕೆಂಚನಿಗೆ ಲಸಿಕೆ ಹಾಕಿದ್ದು ಯಾವಾಗ?

ಕೌದಳ್ಳಿ ಕಡೆಯ ಯಾವುದೋ ಹಳ್ಳಿಯಲ್ಲಿ ಶಾಲೆ ಬಿಟ್ಟು ಬರುತ್ತಿದ್ದ ಮಗುವಿನ ಕಾಲಿಗೆ ಬೀದಿ ನಾಯಿ ಬಾಯಿ ಹಾಕಿತು ಎಂದುಕೊಳ್ಳಿ. ಅಪ್ಪ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹನೂರಿಗೋ ಕಾಮಗೆರೆಗೋ ಕೊಳ್ಳೇಗಾಲಕ್ಕೋ ಓಡುತ್ತಾನೆ. ಆಸ್ಪತ್ರೆಯಲ್ಲಿ ಗಾಯ ನೋಡುತ್ತಲೇ ಕೇಳುತ್ತಾರೆ: ಯಾರ ನಾಯಿ? ಲಸಿಕೆ ಹಾಕಿಸಿದ್ದರಾ? ಈಗ ಎಲ್ಲಿದೆ? ಅಪ್ಪನಿಗೆ ಗೊತ್ತಿರುವುದು ಅದರ ಬಣ್ಣ ಮಾತ್ರ. ಊರಿಗೆ ಬಂದು ವಿಚಾರಿಸಿದರೆ ಟೀ ಅಂಗಡಿಯವರು ಹೇಳುತ್ತಾರೆ, "ನಮ್ದಲ್ಲ ಕನಪ್ಪ, ಇಲ್ಲೇ ಬಿದ್ದಿರ್ತದ, ಒಂದ್ ಹಿಡಿ ಅನ್ನ ಹಾಕ್ತೀವಿ ಅಷ್ಟೇಯ." ಸುಳ್ಳಲ್ಲ. ಆ ನಾಯಿ ಎಲ್ಲರ ಕಣ್ಣೆದುರೇ ಬೆಳೆದಿದೆ, ಆದರೆ ಅದರ ಬಗ್ಗೆ ಒಂದು ಸಾಲು ಬರೆದಿಟ್ಟವರಿಲ್ಲ.

ಬೀದಿ ನಾಯಿಗಳಿಗಾಗಿ ಒಂದು ಮೊಬೈಲ್ ಆ್ಯಪ್ ಮಾಡಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ತೋರುವುದು ಈ ಬರೆದಿಡದ ಸಾಲು. ಇಂಥ ಆ್ಯಪ್ ಎಂದರೆ ಸಾಮಾನ್ಯವಾಗಿ ದೂರು ಪೆಟ್ಟಿಗೆ ಎಂದೇ ಎಣಿಸುತ್ತಾರೆ. ನಾಯಿ ಕಂಡಿತು, ಫೋಟೊ ತೆಗೆ, ಕಳಿಸು, ನಗರಸಭೆಯವರು ಬಂದು ಹಿಡಿದೊಯ್ಯಲಿ. ಅಥವಾ ಗಾಯಗೊಂಡ ನಾಯಿಯ ಫೋಟೊ ಹಾಕಿ ಯಾರಾದರೂ ಕಾಪಾಡಿ ಎಂದು ಮೊರೆ ಇಡುವ ಗೋಡೆ. ಎರಡೂ ಒಂದು ದಿನದ ಕೆಲಸಗಳು. ನಾಯಿಗೆ ಬೇಕಾದದ್ದೂ ಊರಿಗೆ ಬೇಕಾದದ್ದೂ ವರ್ಷ ವರ್ಷ ಉಳಿಯುವ ನೆನಪು: ಈ ಬೀದಿಯಲ್ಲಿ ಎಷ್ಟು ನಾಯಿಗಳಿವೆ, ಯಾವುದಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ, ಕೆಂಚ ಎಂಬ ನಾಯಿಗೆ ಕಡೆಯ ಲಸಿಕೆ ಹಾಕಿದ್ದು ಯಾವಾಗ.

ಈ ನೆನಪು ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೇಶದ ಅಂಕಿಗಳೇ ಸಾಕ್ಷಿ. 2024ರಲ್ಲಿ ಭಾರತದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತಗಳು ದಾಖಲಾದವು. ರೇಬಿಸ್ ಎಂದು ಶಂಕಿಸಲಾದ ಸಾವುಗಳು 54 ಎಂದು ಕೇಂದ್ರ ಸರ್ಕಾರ ಹೇಳಿತು. ಇತ್ತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಕೇಳಿ ಹಾಕಿದ ಅಂದಾಜು ವರ್ಷಕ್ಕೆ 5,726 ಸಾವು. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ನಡುವೆ ಸಾವಿರಾರು ಮನೆಗಳಿವೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಹೊತ್ತಿಗೆ ಸರಿಯಾಗಿ ಲಸಿಕೆ ಸಿಕ್ಕಿದರೆ ಸಾಯಬೇಕಾದವರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ಬರುವುದು ನಾಯಿಯಿಂದ. ಸಾಯುವವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ಹಾಗಾಗಿ ನಾಯಿಯ ಆರೈಕೆ ಬೇರೆ, ಮಗುವಿನ ರಕ್ಷಣೆ ಬೇರೆ ಎಂದು ಎರಡು ಪಕ್ಷ ಕಟ್ಟಿಕೊಂಡು ಜಗಳವಾಡುವುದು ನನಗೆ ನೋವಿನ ಸಂಗತಿ. ನಾಯಿಗೆ ಹಾಕುವ ಲಸಿಕೆಯೇ ಮಗುವನ್ನು ಕಾಯುತ್ತದೆ.

ಕೊಳ್ಳೇಗಾಲ ಸೀಮೆಗೆ ಈ ಭಯ ಹಳೆಯದು. 1956ರವರೆಗೆ ಈ ತಾಲ್ಲೂಕು ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ತಯಾರಿಸುವ ಪಾಶ್ಚರ್ ಸಂಸ್ಥೆ ಆ ಕಾಲದ ದಕ್ಷಿಣ ಭಾರತಕ್ಕೆ ಇದ್ದದ್ದು ನೀಲಗಿರಿಯ ಕೂನೂರಿನಲ್ಲಿ, 1907ರಿಂದ. ಹೊಕ್ಕುಳ ಸುತ್ತ ಚುಚ್ಚುವ ಹದಿನಾಲ್ಕು ಇಂಜೆಕ್ಷನ್ನಿನ ಕಥೆ ಹಿರಿಯರ ಬಾಯಲ್ಲಿ ಇನ್ನೂ ಇದೆ. ಆ ಲಸಿಕೆಯ ತಯಾರಿಕೆ ದೇಶದಲ್ಲಿ 2004ರ ಕೊನೆಗೇ ನಿಂತಿತು. ಈಗ ತೋಳಿನ ಚರ್ಮದೊಳಗೆ ಹಾಕುವ ಲಸಿಕೆಗೆ ನಾಲ್ಕು ಭೇಟಿ ಸಾಕು: ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನ. ಆದರೂ ಹಳೆಯ ಹೆದರಿಕೆ ಕೆಲವರನ್ನು ಆಸ್ಪತ್ರೆಯಿಂದ ದೂರ ಇಟ್ಟು ಗಾಯಕ್ಕೆ ಖಾರದ ಪುಡಿಯನ್ನೋ ಸುಣ್ಣವನ್ನೋ ಮೆತ್ತುವಂತೆ ಮಾಡುತ್ತಿದೆ. ಆದ್ದರಿಂದ ಆ್ಯಪ್ ತೆರೆದೊಡನೆ, ಹೆಸರು, ಊರು, ಪಾಸ್‌ವರ್ಡ್ ಯಾವುದನ್ನೂ ಕೇಳದೆ, ನೆಟ್‌ವರ್ಕ್ ಇಲ್ಲದಿದ್ದರೂ ಕಾಣಬೇಕಾದ ಮೊದಲ ಗುಂಡಿ ಇದು: ನಾಯಿ ಕಚ್ಚಿದೆ. ಒತ್ತಿದರೆ ಧ್ವನಿಯಲ್ಲೇ ಹೇಳಬೇಕು. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಏನನ್ನೂ ಮೆತ್ತಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಬರುವ ಗಾಯವಾದರೆ ಲಸಿಕೆಯ ಜತೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆಯೂ ಕೇಳಿ.

ಇನ್ನು ನಾಯಿಯ ಲೆಕ್ಕ. ಇಂಥ ಕೆಲಸವನ್ನು ಮೊಬೈಲಿನಲ್ಲಿ ಮಾಡಿ ತೋರಿಸಿದ ರಾಜ್ಯ ನಮ್ಮ ಪಕ್ಕದ ಗೋವಾ. ಅಲ್ಲಿ ಮಿಷನ್ ರೇಬಿಸ್ ಎಂಬ ಸಂಸ್ಥೆ ಸರ್ಕಾರದೊಡನೆ ಸೇರಿ ಸುಮಾರು ಹತ್ತು ವರ್ಷಗಳ ಹಿಂದೆ ಸಾಮೂಹಿಕ ಲಸಿಕೆ ಆರಂಭಿಸಿತು. ಬಲೆ ಹಿಡಿದ ತಂಡಗಳು ಬೀದಿ ಬೀದಿ ಸುತ್ತಿ ನಾಯಿ ಹಿಡಿಯುವುದು, ಲಸಿಕೆ ಹಾಕುವುದು, ಬೆನ್ನಿಗೆ ಬಣ್ಣದ ಗುರುತು ಹಚ್ಚಿ ಅಲ್ಲೇ ಬಿಡುವುದು. ಪ್ರತಿ ನಾಯಿಯ ವಿವರ, ಅದು ಸಿಕ್ಕ ಜಾಗ ಮೊಬೈಲಿನ ಆ್ಯಪಿನಲ್ಲಿ ದಾಖಲು. ಯಾವ ತಂಡ ಯಾವ ಗಡಿಯೊಳಗೆ ಕೆಲಸ ಮಾಡಬೇಕೆಂಬುದೂ ಅದೇ ಆ್ಯಪಿನ ನಕ್ಷೆಯಲ್ಲಿ ಕಾಣುತ್ತಿತ್ತು. ಸಿಗ್ನಲ್ ಇಲ್ಲದ ಜಾಗದಲ್ಲಿ ಮಾಹಿತಿ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗುತ್ತಿತ್ತು. ಲಸಿಕೆ ಮುಗಿದ ಮೇಲೆ ಇನ್ನೊಂದು ಸುತ್ತು ಬಂದು ಬಣ್ಣ ಇರುವ ನಾಯಿ ಎಷ್ಟು, ಇಲ್ಲದವು ಎಷ್ಟು ಎಂದು ಎಣಿಸುತ್ತಿದ್ದರು. ನೂರಕ್ಕೆ 70 ದಾಟದ ಬೀದಿಗೆ ಮತ್ತೆ ಹೋಗುತ್ತಿದ್ದರು. 2018ರಿಂದ ಮೂರು ವರ್ಷ ಮನುಷ್ಯರಲ್ಲಿ ಒಂದೂ ರೇಬಿಸ್ ಸಾವಿಲ್ಲವೆಂದು 2021ರಲ್ಲಿ ಗೋವಾವನ್ನು ರೇಬಿಸ್ ನಿಯಂತ್ರಿತ ರಾಜ್ಯವೆಂದು ಘೋಷಿಸಲಾಯಿತು.

ಬೆಂಗಳೂರಿನಲ್ಲೂ 2023ರ ನಾಯಿ ಸಮೀಕ್ಷೆ ಮೊಬೈಲ್ ಆ್ಯಪ್ ಬಳಸಿಯೇ ನಡೆಯಿತು. ಆಗ ಸಿಕ್ಕ ಅಂದಾಜು 2,79,335 ಬೀದಿ ನಾಯಿಗಳು. 2019ರಲ್ಲಿ ಅದು ಸುಮಾರು 3.1 ಲಕ್ಷ ಇತ್ತು. ಸಂತಾನಹರಣ ಚಿಕಿತ್ಸೆಯಿಂದ ಫಲ ಇದೆಯೋ ಇಲ್ಲವೋ ಎಂಬ ವಾದಕ್ಕೆ ಅಲ್ಲಿ ಮಾತನಾಡಲು ಒಂದು ಸಂಖ್ಯೆಯಾದರೂ ಇದೆ.

ಎಣಿಕೆ ಕಷ್ಟ, ನಾಯಿಗಳು ಒಂದೆಡೆ ನಿಲ್ಲುವುದಿಲ್ಲವಲ್ಲ ಎನ್ನುವವರಿಗೆ ಒಂದು ಸರಳ ಲೆಕ್ಕ ಹೇಳುತ್ತೇನೆ. ಕೊಳ್ಳೇಗಾಲದ ದೇವಾಂಗಪೇಟೆಯ ಸುತ್ತ ಬೆಳಗಿನ ಜಾವ ಸುತ್ತಿ 40 ನಾಯಿಗಳ ಫೋಟೊ ತೆಗೆದಿರಿ ಎನ್ನಿ. ಮರುದಿನ ಅದೇ ಹೊತ್ತು, ಅದೇ ಬೀದಿಗಳಲ್ಲಿ 50 ನಾಯಿ ಸಿಕ್ಕವು. ಫೋಟೊ ಹೋಲಿಸಿದರೆ ಅವುಗಳಲ್ಲಿ 20 ನಿನ್ನೆ ಕಂಡವೇ. ಅಂದರೆ ನಿನ್ನೆ ನಿಮ್ಮ ಕಣ್ಣಿಗೆ ಬಿದ್ದದ್ದು ಇರುವ ನಾಯಿಗಳಲ್ಲಿ ಐದಕ್ಕೆ ಎರಡು ಪಾಲು. ಆ ಎರಡು ಪಾಲು 40 ಆದರೆ ಒಟ್ಟು ಸುಮಾರು 100. ವನ್ಯಜೀವಿ ವಿಜ್ಞಾನಿಗಳು ಹುಲಿ ಎಣಿಸುವುದರ ಹಿಂದಿರುವ ತರ್ಕವೂ ಮೂಲದಲ್ಲಿ ಇದೇ. ಆ್ಯಪ್ ಈ ಗುಣಾಕಾರ ಭಾಗಾಕಾರ ಮಾಡಿ, ಆ ನೂರರಲ್ಲಿ 70ಕ್ಕೆ ಲಸಿಕೆ ತಲುಪಿದೆಯೇ ಎಂದು ತೋರಿಸಿದರೆ ನಗರಸಭೆಯ ಆರೋಗ್ಯ ವಿಭಾಗಕ್ಕೆ ಅದಕ್ಕಿಂತ ಉಪಯೋಗದ ಪರದೆ ಬೇರೆ ಬೇಕಿಲ್ಲ. ಬೀದಿ ನಾಯಿಯ ಆಯಸ್ಸು ಕಡಿಮೆ, ಮರಿಗಳು ಹುಟ್ಟುತ್ತಲೇ ಇರುತ್ತವೆ. ಈ ವರ್ಷದ 70 ಮುಂದಿನ ವರ್ಷಕ್ಕೆ 70 ಆಗಿ ಉಳಿಯುವುದಿಲ್ಲ. ಲಸಿಕೆಯ ಲೆಕ್ಕ ಪ್ರತಿ ವರ್ಷವೂ ಮೊದಲಿಂದ ಶುರು.

ಒಂದು ನಾಯಿಯನ್ನು ಗುರುತಿಸುವುದು ಹೇಗೆ? ವಿನ್ಯಾಸದಲ್ಲಿ ನನಗೆ ಅತಿ ಕಷ್ಟವಾಗಿ ಕಾಣುವುದು ಇದೇ. ಭೀಮನಗರದಲ್ಲಿ ಕೆಂಚ ಆಗಿರುವ ನಾಯಿ ಎರಡು ಬೀದಿ ಆಚೆ ರಾಜ ಆಗಿರುತ್ತದೆ. ನಮ್ಮ ನಾಟಿ ನಾಯಿಗಳಲ್ಲಿ ಕಂದು ಬಣ್ಣದವೇ ಹೆಚ್ಚು. ಫೋಟೊದಲ್ಲಿ ಒಂದರಂತೆ ಒಂದು. 2023ರಲ್ಲಿ ಮುಂಬೈ ವಿಮಾನ ನಿಲ್ದಾಣದ ಹೊರಗಿನ 20 ನಾಯಿಗಳ ಕೊರಳಿಗೆ ಕ್ಯೂಆರ್ ಚೀಟಿ ಕಟ್ಟಿದ್ದು ಸುದ್ದಿಯಾಗಿತ್ತು. ಇಪ್ಪತ್ತಕ್ಕೆ ಅದು ಸರಿ. ಊರಿಗೆಲ್ಲ ಕಟ್ಟಿದರೆ ಪಟ್ಟಿ ಹರಿಯುತ್ತದೆ, ಕಳಚುತ್ತದೆ, ಬೆಳೆಯುವ ಮರಿಯ ಕೊರಳಿಗೆ ಬಿಗಿಯುತ್ತದೆ. ಚರ್ಮದಡಿ ಹಾಕುವ ಮೈಕ್ರೊಚಿಪ್ ಓದಲು ಬೇರೆ ಯಂತ್ರ ಬೇಕು. ಉಳಿದದ್ದು ಕಿವಿ. ಸಂತಾನಹರಣ ಆದ ನಾಯಿಯ ಕಿವಿಯ ತುದಿ ಕತ್ತರಿಸಿ ಗುರುತು ಮಾಡುತ್ತಾರೆ. ದೂರದಿಂದಲೇ ಕಾಣುತ್ತದೆ, ಸಾಯುವವರೆಗೂ ಹೋಗುವುದಿಲ್ಲ. ಆದರೆ ಆ ಗುರುತು ಚಿಕಿತ್ಸೆ ಆಗಿದೆ ಎನ್ನುತ್ತದೆಯೇ ಹೊರತು ಲಸಿಕೆ ಹಾಕಿ ಆರು ತಿಂಗಳಾಯಿತೋ ಆರು ವರ್ಷವಾಯಿತೋ ಹೇಳುವುದಿಲ್ಲ. ಕಿವಿ ಹೇಳದ್ದನ್ನು ಆ್ಯಪ್ ಹೇಳಬೇಕು. ಅದಕ್ಕೆ ಎಡದಿಂದ, ಬಲದಿಂದ, ಮುಖದಿಂದ ಮೂರು ಫೋಟೊ, ಗಂಡೋ ಹೆಣ್ಣೋ, ಕಿವಿ ಗುರುತು ಇದೆಯೋ ಇಲ್ಲವೋ, ಯಾವ ಬೀದಿ. ಹೆಸರು ಎಷ್ಟಿದ್ದರೂ ಬರೆಯಲಿ, ಕೆಂಚ, ರಾಜ, ಟೈಗರ್, ಎಲ್ಲವೂ ಒಂದೇ ದಾಖಲೆಯೊಳಗೆ. ಹೊಸ ಫೋಟೊ ಬಂದಾಗ ಆ ಬೀದಿಯ ಹತ್ತಾರು ನಾಯಿಗಳ ಚಿತ್ರ ಮುಂದಿಟ್ಟು "ಇವುಗಳಲ್ಲಿ ಯಾವುದು?" ಎಂದು ಕೇಳಿದರೆ ದಿನಾ ನೋಡುವವರು ಥಟ್ಟನೆ ತೋರಿಸುತ್ತಾರೆ. ಯಂತ್ರದ ಕಣ್ಣಿಗಿಂತ ನಸುಕಿನಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಕಣ್ಣು ನನಗೆ ಹೆಚ್ಚು ನಂಬಿಕೆಯದು. ಯಾವ ನಾಯಿ ಬಸುರಿ, ಯಾವುದು ನಿನ್ನೆಯಿಂದ ಕುಂಟುತ್ತಿದೆ, ಯಾವ ಚರಂಡಿಯ ಸಂದಿಯಲ್ಲಿ ಮರಿ ಹಾಕಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಈ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಭತ್ಯೆ ಕೊಡಬೇಕು. ಪುಕ್ಕಟೆ ಸೇವೆ ಎಂದು ಅವರ ಹೆಗಲಿಗೆ ಇನ್ನೊಂದು ಹೊರೆ ಹೊರಿಸಬಾರದು.

ಕಾನೂನೂ ಇಂಥ ದಾಖಲೆಯನ್ನೇ ಬೇಡುತ್ತದೆ. 2001ರ ನಿಯಮಗಳ ಜಾಗಕ್ಕೆ ಬಂದ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಹಿಡಿದ ನಾಯಿಗೆ ಸಂಖ್ಯೆಯ ಪಟ್ಟಿ ಕಟ್ಟಿ, ಎಲ್ಲಿ ಹಿಡಿದದ್ದೆಂದು ಬರೆದು, ಅದೇ ಜಾಗಕ್ಕೆ ತಂದು ಬಿಡಬೇಕು. ಆರು ತಿಂಗಳೊಳಗಿನ ಮರಿಗಳನ್ನು ಶಸ್ತ್ರಚಿಕಿತ್ಸೆಗೆ ಹಿಡಿಯುವಂತಿಲ್ಲ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ರೇಬಿಸ್ ತಗಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಅದೇ ಜಾಗಕ್ಕೆ ಬಿಡಬೇಕೆಂದಿತು. ಊಟ ಹಾಕಲು ಜಾಗ ಗೊತ್ತು ಮಾಡಿ ಎಂದಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡಬಾರದೆಂದೂ ಆದೇಶಿಸಿತು. ಹೀಗಾಗಿ ಹಿಡಿದ ಜಾಗ ಯಾವುದು ಎಂಬ ಒಂದು ಚುಕ್ಕೆ ನಾಯಿಯ ಮುಂದಿನ ಬದುಕನ್ನೇ ತೀರ್ಮಾನಿಸುತ್ತದೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಒಳಗೆ ಮಲಗುವ ನಾಯಿಗೂ ಎದುರಿನ ಹೋಟೆಲಿನ ಮುಂದೆ ಮಲಗುವ ನಾಯಿಗೂ ಕಾನೂನು ಈಗ ಬೇರೆ ಬೇರೆ. ಅಂದಾಜಿನಲ್ಲಿ ಬರೆಯುವ ಕಾಗದದ ರಿಜಿಸ್ಟರ್ ಇದಕ್ಕೆ ಸಾಲದು.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳು ಒಂದೇ ಅಚ್ಚಿನವಲ್ಲ ಎಂಬುದನ್ನು ಆ್ಯಪ್ ಮಾಡುವವರು ನೆಲದ ಮೇಲೆ ನಡೆದು ನೋಡಬೇಕು. ಕೊಳ್ಳೇಗಾಲ ರೇಷ್ಮೆಯ ಪೇಟೆ, ನಗರಸಭೆ ಇರುವ ಊರು; ಹೋಟೆಲು, ಮಾಂಸದಂಗಡಿ, ಕಸದ ರಾಶಿ ಇರುವಲ್ಲಿ ನಾಯಿಗಳ ಗುಂಪು. ಹನೂರು ಕೊಳ್ಳೇಗಾಲದಿಂದ ಬೇರೆಯಾದ ಹೊಸ ತಾಲ್ಲೂಕು, ವಿಸ್ತಾರ ದೊಡ್ಡದು, ಹೆಚ್ಚಿನ ಭಾಗ ಕಾಡು. ಮಲೆ ಮಹದೇಶ್ವರ ಬೆಟ್ಟದ ಮೇಲಿನ ಇಂಡಿಗನತ್ತ, ಮೆದಗನಾಣೆಯಂಥ ಊರುಗಳಲ್ಲಿ ರಸ್ತೆಯೇ ದೊಡ್ಡ ಬೇಡಿಕೆ, ಮೊಬೈಲ್ ಸಿಗ್ನಲ್ ಆಮೇಲಿನ ಮಾತು. ಮಾರ್ಟಳ್ಳಿ ಸುತ್ತ ತಮಿಳು ಮಾತಾಡುವವರು ಬಹಳ, ಒಡೆಯರಪಾಳ್ಯದಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ. ಕನ್ನಡದ ಜತೆ ತಮಿಳಿನ ಧ್ವನಿಯೂ ಬೇಕು. ಬರಹಕ್ಕಿಂತ ಚಿತ್ರ, ಮಾತು ಮುಂದಿರಬೇಕು.

ಹಬ್ಬಗಳ ಲೆಕ್ಕವೂ ಬೇಕು. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟಕ್ಕೆ ಜನ ನಡೆದು ಹೋಗುತ್ತಾರೆ. ದಾರಿಯುದ್ದಕ್ಕೂ ಅನ್ನದಾನ, ಅನ್ನ ಇದ್ದಲ್ಲಿ ನಾಯಿ. ಜನವರಿಯ ಚಿಕ್ಕಲ್ಲೂರು ಜಾತ್ರೆಯಲ್ಲೂ ಹಾಗೆಯೇ. ಜಾತ್ರೆ ಮುಗಿದು ಜನ ಹೊರಟ ಮೇಲೆ ಉಳಿದ ನಾಯಿಗಳು ಹಸಿದು ಗುಂಪು ಕಟ್ಟುತ್ತವೆ. ಆ್ಯಪಿನ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನ ಇರುವಂತೆಯೇ ಶಿವರಾತ್ರಿಯೂ ಇರಲಿ. ಪಾದಯಾತ್ರೆಯ ದಾರಿಯ ಊರುಗಳಿಗೆ ಲಸಿಕೆ ಅದಕ್ಕೂ ಒಂದು ತಿಂಗಳು ಮುಂಚೆ ಮುಗಿಯಬೇಕು.

ಯಳಂದೂರಿನ ಕಥೆ ಕಾಡಿನ ಅಂಚಿನದು. ಬಿಳಿಗಿರಿರಂಗನಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅದರೊಳಗೆ ಸೋಲಿಗ ಬುಡಕಟ್ಟಿನವರ ಪೋಡು ಎನ್ನುವ ಹಾಡಿಗಳಿವೆ, ಪೋಡುಗಳಲ್ಲಿ ನಾಯಿಗಳಿವೆ. ನಾಯಿಯನ್ನು ಹುಡುಕಿ ಚಿರತೆ ಊರಿಗೆ ಬರುತ್ತದೆ. ನಾಯಿಯ ರೋಗ ಕಾಡಿಗೆ ಹೋಗುತ್ತದೆ. ಡಿಸ್ಟೆಂಪರ್ ಎಂಬ ನಾಯಿರೋಗ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಕೊಂದಿತು. 2018ರಲ್ಲಿ ಗಿರ್ ಅರಣ್ಯದ ಸಿಂಹಗಳಿಗೂ ತಗಲಿತು. ನಮ್ಮ ಸೀಳುನಾಯಿ, ಹುಲಿಗಳಿಗೂ ಅದರ ಭಯ ಇದೆ. ಕಾಡಂಚಿನ ನಾಯಿಗೆ ರೇಬಿಸ್ ಲಸಿಕೆಯ ಜತೆ ಡಿಸ್ಟೆಂಪರ್ ಲಸಿಕೆಯನ್ನೂ ಹಾಕಿ ದಾಖಲಿಸಬೇಕು, ಆ ದಾಖಲೆ ಅರಣ್ಯ ಇಲಾಖೆಗೂ ಕಾಣಬೇಕು.

ಕಚ್ಚಿದ ಘಟನೆ ಆ್ಯಪಿಗೆ ಬಂದರೆ ಅದರ ಮುಂದಿನ ಹತ್ತು ದಿನ ಬಹಳ ಮುಖ್ಯ. ಕಚ್ಚುವ ಹೊತ್ತಿಗೆ ಜೊಲ್ಲಿನಲ್ಲಿ ರೇಬಿಸ್ ವೈರಸ್ ಇದ್ದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಕಾಯಿಲೆ ತೋರಿಸಿ ಸಾಯುತ್ತದೆ. ಆ ಬೀದಿಯ ಕಾರ್ಯಕರ್ತರಿಗೆ ದಿನಾ ಒಂದು ನೆನಪು ಹೋಗಲಿ: ನಾಯಿ ಕಂಡಿತೇ, ತಿಂದಿತೇ, ನಡೆ ಬದಲಾಗಿದೆಯೇ. ಅದೇ ಹೊತ್ತಿಗೆ ಮಗುವಿನ ಮನೆಗೆ ಇನ್ನೊಂದು: ನಾಳೆ ಮೂರನೇ ದಿನದ ಲಸಿಕೆ, ಮರೆಯಬೇಡಿ. ನಾಯಿ ಹುಷಾರಾಗಿದೆ ಎಂದು ಕಾಯುತ್ತ ಕೂತು ಲಸಿಕೆ ತಡಮಾಡುವಂತಿಲ್ಲ. ನಾಯಿ ಸತ್ತರೆ ಆ ಬೀದಿಯ ಉಳಿದ ನಾಯಿಗಳಿಗೆ, ಅದು ಕಚ್ಚಿರಬಹುದಾದ ಉಳಿದ ಜನರಿಗೆ ಎಚ್ಚರಿಕೆ ಅಂದೇ ಹೋಗಬೇಕು. ಕರ್ನಾಟಕದಲ್ಲಿ ಮನುಷ್ಯರ ರೇಬಿಸ್ ಈಗ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ. ನಾಯಿಯ ಸಾವು ಮಾತ್ರ ಚರಂಡಿ ಪಕ್ಕ ಮಣ್ಣಾಗುತ್ತಿದೆ.

ಕಾಯಿಲೆ ಬಿದ್ದ ನಾಯಿಯ ಆರೈಕೆಯಲ್ಲೂ ಬೇಕಾದದ್ದು ಮತ್ತೆ ಮತ್ತೆ ಹೋಗುವುದು. ಬೀದಿ ನಾಯಿಗಳಲ್ಲಿ ಜನನಾಂಗಕ್ಕೆ ಬರುವ, ರಕ್ತ ಸೋರುವ ಒಂದು ಅಂಟು ಗಡ್ಡೆ ಬಹಳ ಕಾಣುತ್ತದೆ. ನೋಡಿದವರು ಇನ್ನು ಉಳಿಯುವುದಿಲ್ಲ ಎಂದುಕೊಳ್ಳುತ್ತಾರೆ. ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ಆದರೆ ಪ್ರತಿ ವಾರ ಅದೇ ನಾಯಿ ಸಿಗಬೇಕು. ಎರಡು ಸಲ ಕೊಟ್ಟು ನಾಯಿ ಕಾಣೆಯಾದರೆ ಪಟ್ಟ ಶ್ರಮ ವ್ಯರ್ಥ. ಕಜ್ಜಿಗೂ ಒಂದೇ ಸಲದ ಮದ್ದು ಸಾಲದು. ಹುಳ ಬಿದ್ದ ಗಾಯಕ್ಕೆ ಕರುಣೆಯಿಂದಲೇ ಫಿನಾಯಿಲ್ ಸುರಿಯುವವರಿದ್ದಾರೆ. ಅದು ಮಾಂಸವನ್ನು ಸುಡುತ್ತದೆ. ಅಂಥವರ ಕೈಗೆ ಆ್ಯಪ್ ಸರಿಯಾದ ಮಾತು ಕೊಡಬೇಕು, ಹತ್ತಿರದ ಪಶು ಆಸ್ಪತ್ರೆಯ ವೇಳೆ ತೋರಿಸಬೇಕು, 1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಜೋಡಿಸಬೇಕು.

ನಕ್ಷೆಯನ್ನು ಎಲ್ಲರಿಗೂ ತೆರೆದಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಯಿ ಎಲ್ಲಿ ಮಲಗುತ್ತದೆ, ಯಾರು ಯಾವ ಹೊತ್ತಿಗೆ ಅನ್ನ ಹಾಕುತ್ತಾರೆ ಎಂಬುದು ವಿಷ ಇಡುವವನಿಗೂ ಬೇಕಾದ ಮಾಹಿತಿ. ವಿಷ ಯಾರನ್ನು ಕೊಲ್ಲುತ್ತದೆ ಎಂಬುದಕ್ಕೆ ಲೆಕ್ಕವಿರುವುದಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಹಸುವಿನ ಕಳೇಬರಕ್ಕೆ ಹಾಕಿದ ವಿಷ ಒಂದು ತಾಯಿ ಹುಲಿಯನ್ನೂ ನಾಲ್ಕು ಮರಿಗಳನ್ನೂ ಕೊಂದದ್ದನ್ನು ಈ ಸೀಮೆ ಮರೆತಿಲ್ಲ. ಸಾರ್ವಜನಿಕರಿಗೆ ವಾರ್ಡಿನ ಒಟ್ಟು ಅಂಕಿ ಸಾಕು: ಇಷ್ಟು ನಾಯಿ, ಇಷ್ಟಕ್ಕೆ ಲಸಿಕೆ, ಇಷ್ಟು ಕಡಿತ. ಬೀದಿಯ ಚುಕ್ಕೆ ಪಶುವೈದ್ಯರಿಗೆ, ಆರೋಗ್ಯ ನಿರೀಕ್ಷಕರಿಗೆ, ಗುರುತಿಸಿದ ಕಾರ್ಯಕರ್ತರಿಗೆ ಮಾತ್ರ. ಅನ್ನ ಹಾಕುವ ಹೆಣ್ಣುಮಕ್ಕಳ ಹೆಸರು, ಫೋನ್ ನಂಬರ್ ಯಾರಿಗೂ ಕಾಣಬಾರದು. ಅವರು ಈಗಾಗಲೇ ಅಕ್ಕಪಕ್ಕದವರ ಬೈಗುಳ ಕೇಳುತ್ತಿದ್ದಾರೆ.

ಶಸ್ತ್ರಚಿಕಿತ್ಸೆಯ ಕೊಠಡಿ, ನುರಿತ ಪಶುವೈದ್ಯರು, ನಾಯಿ ಹಿಡಿಯಲು ಕಲಿತ ಕೈಗಳು, ಶೀತಪೆಟ್ಟಿಗೆಯಲ್ಲಿ ಲಸಿಕೆ, ಇವಿಲ್ಲದೆ ಆ್ಯಪಿನಿಂದ ಒಂದು ನಾಯಿಯೂ ಗುಣವಾಗುವುದಿಲ್ಲ. ಅವು ದೂರವೂ ಇಲ್ಲ. ಪಕ್ಕದ ನೀಲಗಿರಿಯಲ್ಲಿ, ಊಟಿಯ ಹತ್ತಿರ, ಪಶುವೈದ್ಯರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಕಲಿಸುವ ಅಂತರರಾಷ್ಟ್ರೀಯ ಕೇಂದ್ರ ಇದೆ. ಚಾಮರಾಜನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಎಲ್ಲೆಲ್ಲಿಯದೋ ವಿಷಯ ಹುಡುಕುತ್ತಾರೆ. ಅವರಲ್ಲಿ ನಾಲ್ಕು ಮಂದಿ ಒಂದು ತಿಂಗಳು ಪೌರಕಾರ್ಮಿಕರ ಜತೆ ನಸುಕಿನಲ್ಲಿ ನಡೆದರೆ ಆ್ಯಪಿನ ಅರ್ಧ ವಿನ್ಯಾಸ ಅಲ್ಲೇ ಆಗುತ್ತದೆ.

ಶುರು ಯಳಂದೂರಿನಿಂದ ಆಗಲಿ ಎನ್ನುತ್ತೇನೆ. ತಾಲ್ಲೂಕು ಪುಟ್ಟದು, ಮನೆಮನೆಗೆ ಹೋಗಿ ಕಾಯಿಲೆ ಹುಡುಕಿದ ಅನುಭವ ಅಲ್ಲಿನ ಮಣ್ಣಿಗಿದೆ. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದೇ ಆ ತಾಲ್ಲೂಕಿನ ಕುಷ್ಠರೋಗವನ್ನು ಹತೋಟಿಗೆ ತರಲು. ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಿಂದ ಅದು ನಡೆಸಿಕೊಂಡು ಬಂತು. ಮೊದಲ ವರ್ಷ ಪಟ್ಟಣ ಪಂಚಾಯಿತಿಯ ವಾರ್ಡುಗಳು, ಮಾಂಬಳ್ಳಿ, ಅಗರ, ಗುಂಬಳ್ಳಿ ಮತ್ತು ಬೆಟ್ಟದ ಪೋಡುಗಳು. ಎರಡು ಬೆಳಗಿನ ಎಣಿಕೆ, ಒಂದು ವಾರದ ಲಸಿಕೆ, ಬಣ್ಣದ ಗುರುತು, ಮತ್ತೊಂದು ಎಣಿಕೆ. 70ಕ್ಕಿಂತ ಕೆಳಗೆ ನಿಂತ ಬೀದಿಗಳ ಪಟ್ಟಿಯನ್ನು ಪಂಚಾಯಿತಿಯ ಮುಂದಿನ ಸಭೆಯಲ್ಲಿ ಓದಿ, ಆ ಬೀದಿಗಳಿಗೆ ತಂಡ ಮತ್ತೆ ಹೋಗುವ ದಿನವನ್ನು ಅಲ್ಲೇ ಗೊತ್ತು ಮಾಡಬೇಕು.